ನೀರು ಸುರಿಯುವ ಕಣ್ಣೂ ಒಣಗಿರಬಹುದು

ಹಾಸನದಿಂದ ಕೇಳಿದ್ದೀರಿ: ದಿನವಿಡೀ ಕಂಪ್ಯೂಟರ್ ಕೆಲಸ, ಬೈಕ್ ಹತ್ತಿದರೆ ಕಣ್ಣಲ್ಲಿ ಧಾರಾಕಾರ ನೀರು, ಆದರೂ ವೈದ್ಯರು ‘ಕಣ್ಣು ಒಣಗಿದೆ’ ಎಂದರೆ ನಂಬುವುದು ಹೇಗೆ ಎಂದು. ನಂಬಿ. ಚಿಕ್ಕಮಗಳೂರಿನ ಕಾಫಿ ಕಣದ ದೂಳಿನಲ್ಲಿ ನಿಂತು ನಾನೂ ವೈದ್ಯರೊಡನೆ ಇದೇ ವಾದ ಹೂಡಿದವನು.

ಕಣ್ಣೀರೆಂದರೆ ಬರೀ ನೀರಲ್ಲ. ಮೇಲೆ ತೆಳುವಾದ ಎಣ್ಣೆಯ ಪದರವಿರುತ್ತದೆ. ರೆಪ್ಪೆಯಂಚಿನ ಗ್ರಂಥಿಗಳು ಕಟ್ಟಿಕೊಂಡು ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ, ಆ ಉರಿಗೇ ಮತ್ತೆ ನೀರು ಸುರಿಯುತ್ತದೆ. ಸುರಿದದ್ದು ಕಣ್ಣಲ್ಲಿ ನಿಲ್ಲುವುದಿಲ್ಲ, ಕೆನ್ನೆಗಿಳಿಯುತ್ತದೆ. ಸಾಲದ್ದಕ್ಕೆ, ಪರದೆ ನೋಡುವಾಗ ರೆಪ್ಪೆ ಬಡಿಯುವುದನ್ನೇ ಅರ್ಧ ಮರೆತಿರುತ್ತೇವೆ.

ನನಗೆ ಉಪಕಾರವಾದದ್ದು ಶಾಖ. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ (ಆರಿದಂತೆಲ್ಲ ಮತ್ತೆ ಅದ್ದಬೇಕು, ಬೇಸರದ ಕೆಲಸವೇ), ನಂತರ ರೆಪ್ಪೆಯಂಚನ್ನು ಮೆಲ್ಲಗೆ ತೀಡುವುದು. ಗುಣ ಕಾಣಲು ವಾರಗಳೇ ಬೇಕು. ಕೃತಕ ಕಣ್ಣೀರಿನ ಹನಿಯನ್ನು ದಿನಕ್ಕೆ 4ಕ್ಕಿಂತ ಹೆಚ್ಚು ಬಾರಿ ಹಾಕುವುದಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ. ಕೆಂಪು ತೆಗೆಯುವ ಹನಿ, ಪಕ್ಕದ ಮನೆಯವರು ಕೊಟ್ಟ ಸ್ಟೀರಾಯ್ಡ್ ಹನಿ ಬೇಡವೇ ಬೇಡ. ಅಲರ್ಜಿಗೆ ನುಂಗುವ ಮಾತ್ರೆಯೂ ಕಣ್ಣು ಒಣಗಿಸಬಲ್ಲದು. ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.