ಬ್ರಿಟಿಷ್ ನಟ ಪೀಟ್ ಪಾಸಲ್‌ತ್ವೇಟ್ ಥರ ಯಾವ ಪಾತ್ರಕ್ಕೂ ಒಗ್ಗುವ ನಟನಾಗಬೇಕು. ಕೆಲಸ ಬಿಟ್ಟು ಡ್ರಾಮಾ ಸ್ಕೂಲ್ ಸೇರಲೋ, ಏಜೆಂಟ್ ಹುಡುಕಲೋ?

ಇದು ನೀವು ಕೇಳಿದ ಪ್ರಶ್ನೆ. ನಿಮಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 33, ಊರಲ್ಲಿ ಕಾಲೇಜು ನಾಟಕ ಮಾಡಿದ ಹುಚ್ಚು, ಕನ್ನಡಿ ಹೇಳುವ ಪ್ರಕಾರ ಹೀರೋ ಮುಖ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ರೆಡಿಂಗ್ ಅಳಿಸಿ ಮ್ಯಾಂಚೆಸ್ಟರ್ ಅಂತ ಬರೆದರೆ ಅದು ನಾನೇ.

ನನ್ನ ತಲೆ ಕೆಡಿಸಿದ್ದು ಕೋಬಯಾಶಿ. 1995ರ 'ದಿ ಯೂಶುವಲ್ ಸಸ್ಪೆಕ್ಟ್ಸ್' ಸಿನಿಮಾದಲ್ಲಿ ಪೀಟ್ ಮಾಡಿದ ವಕೀಲ. ಹೆಸರು ಜಪಾನಿನದು, ಮುಖ ಇಂಗ್ಲೆಂಡಿನ ವಾರಿಂಗ್ಟನ್‌ದು, ಬಾಯಲ್ಲಿ ಬರುವುದು ಹೆಚ್ಚುಕಡಿಮೆ ನಮ್ಮ ಉಪಖಂಡದ ಇಂಗ್ಲಿಷು. ಒಂದಕ್ಕೊಂದು ತಾಳಮೇಳ ಇಲ್ಲ, ಆದರೂ ಮನುಷ್ಯ ಬಾಯಿ ತೆರೆದರೆ ಬೆನ್ನು ನೆಟ್ಟಗಾಗುತ್ತದೆ. ನಟನೆ ಅಂದರೆ ಇದೇ, ಮಾತಿನ ಧಾಟಿ ಬದಲಿಸುವುದು ಅಂತ ತೀರ್ಮಾನ ಮಾಡಿಬಿಟ್ಟೆ.

ಅಲ್ಲಿಂದ ಶುರು. ಗ್ಲಾಸ್ಗೋ ಧಾಟಿ, ಬರ್ಮಿಂಗ್‌ಹ್ಯಾಮ್ ಧಾಟಿ, ಬೆಲ್‌ಫಾಸ್ಟ್ ಧಾಟಿ. ಆಫೀಸಿಗೆ ಹೋಗುವ ಟ್ರಾಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಗೊಣಗುತ್ತಿದ್ದೆ, ಪಕ್ಕದವರು ಸೀಟು ಬದಲಿಸುತ್ತಿದ್ದರು. ಶೋರೀಲ್, ಅಂದರೆ ನನ್ನ ನಟನೆಯ ತುಣುಕುಗಳ ವಿಡಿಯೊ, ಮಾಡಿಸಿದೆ: ಒಂದರಲ್ಲಿ ಮೀಸೆ, ಒಂದರಲ್ಲಿ ಕುಂಟು, ಒಂದರಲ್ಲಿ ಕನ್ನಡಕದ ಮುದುಕ.

ಅದನ್ನು ನೋಡಿ ಒಂದು ಟಿವಿ ಧಾರಾವಾಹಿಯವರು ಕರೆದರು. ಔಷಧಿ ಅಂಗಡಿಯವನ ಪಾತ್ರ, ಎರಡು ಕಂತು, ನಾಲ್ಕು ಮಾತು. ನಾನು ಅವನಿಗೆ ಬರ್ಮಿಂಗ್‌ಹ್ಯಾಮ್ ಬಾಲ್ಯ ಕೊಟ್ಟೆ, ಮಂಡಿನೋವು ಕೊಟ್ಟೆ, ಸತ್ತ ಅಣ್ಣನನ್ನೂ ಕೊಟ್ಟೆ. ಓದಿ ಮುಗಿಸಿದ ಮೇಲೆ ನಿರ್ದೇಶಕಿ ಹೇಳಿದ್ದು ಇಷ್ಟೇ: 'ನಿಮ್ಮದೇ ದನಿಯಲ್ಲಿ ಮಾಡಿ. ಮಾತ್ರೆ ಎಣಿಸಿ, ಚೀಲಕ್ಕೆ ಹಾಕಿ, ಆಕೆಗೆ ಕೊಡಿ.' ಕೈಗೆ ಒಂದು ಕಾಗದದ ಚೀಲ ಕೊಟ್ಟರು. ಆ ಚೀಲದ ಬಾಯಿ ಮಡಚಲಿಕ್ಕೆ ನನ್ನಿಂದ ಆಗಲಿಲ್ಲ! ಬೆರಳು ನಡುಗಿಸಿದೆ, ನಿಟ್ಟುಸಿರು ಬಿಟ್ಟೆ, ಗಿರಾಕಿಯ ಕಡೆ ಅರ್ಥಗರ್ಭಿತವಾಗಿ ನೋಡಿದೆ. ಮತ್ತೆ ಮಾಡಿಸಿದರು, ಮತ್ತೆ ಅದೇ. ಸುಮ್ಮನೆ ನಿಂತು ಒಂದು ಕೆಲಸ ಮಾಡುವುದು ನನಗೆ ಬರುತ್ತಲೇ ಇರಲಿಲ್ಲ. ಅದು ಆ ಹೊತ್ತಿನ ಗಾಬರಿ ಅಲ್ಲ. ವರ್ಷಗಟ್ಟಲೆ ನಾನು ತಾಲೀಮು ಮಾಡಿದ್ದೇ ನನ್ನನ್ನು ಬಚ್ಚಿಟ್ಟುಕೊಳ್ಳುವುದಕ್ಕೆ. ಆಮೇಲೆ ಆ ಕಾಸ್ಟಿಂಗ್‌ನವರು ಮತ್ತೆಂದೂ ಕರೆಯಲಿಲ್ಲ. ಕರೆಯುವುದಾದರೂ ಯಾತಕ್ಕೆ? ಆ ರೀಲಿನಲ್ಲಿ ಮೀಸೆ ಇತ್ತು, ನಾನು ಇರಲಿಲ್ಲ.

ಈಗ ಪೀಟ್ ಕಡೆ ನೋಡಿ. 1993ರ 'ಇನ್ ದಿ ನೇಮ್ ಆಫ್ ದಿ ಫಾದರ್' ಹಾಕಿಕೊಳ್ಳಿ. ಮಾಡದ ತಪ್ಪಿಗೆ ಜೈಲು ಸೇರಿ, 1980ರಲ್ಲಿ ಬಂದಿಯಾಗಿಯೇ ತೀರಿಕೊಂಡ ಬೆಲ್‌ಫಾಸ್ಟಿನ ಜುಸೆಪ್ಪೆ ಕಾನ್ಲನ್ ಪಾತ್ರ. ಮಗನಾಗಿ ಡೇನಿಯಲ್ ಡೇ-ಲೂಯಿಸ್ ಕೂಗಾಡುತ್ತಾರೆ, ಹುಡುಗನಾಗಿದ್ದಾಗಿನ ಸಿಟ್ಟನ್ನೆಲ್ಲ ಅಪ್ಪನ ಮೇಲೆ ಕಾರುತ್ತಾರೆ. ಆಗ ಪೀಟ್ ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಧಾಟಿ ಬೆಲ್‌ಫಾಸ್ಟಿನದೇ, ಆದರೆ ನಿಮಗೆ ಅದು ಕಿವಿಗೆ ಬೀಳುವುದೇ ಇಲ್ಲ. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಮಾತ್ರ 'ದಿ ಫ್ಯುಜಿಟಿವ್'ನ ಟಾಮಿ ಲೀ ಜೋನ್ಸ್ ಪಾಲಾಯಿತು. 'ಬ್ರಾಸ್ಡ್ ಆಫ್' (1996) ನೋಡಿ: ಯಾರ್ಕ್‌ಷೈರ್‌ನ ಕಲ್ಲಿದ್ದಲು ಗಣಿಯ ಬ್ಯಾಂಡ್ ಮೇಷ್ಟ್ರು ಡ್ಯಾನಿ. ಎದೆಯೆಲ್ಲ ಕಲ್ಲಿದ್ದಲ ಧೂಳು, ಗಣಿ ಮುಚ್ಚುತ್ತಿದೆ, ಮನುಷ್ಯನಿಗೆ ಬ್ಯಾಂಡಿನದೇ ಚಿಂತೆ. ಇವೆಲ್ಲದರಲ್ಲೂ ಅದೇ ಮುಖ. ಎತ್ತಿ ನಿಂತ ಕೆನ್ನೆಮೂಳೆ, ಒಡೆದ ಬಂಡೆಯಂಥ ಮೂಗು. ಎಲ್ಲೂ ಮುಚ್ಚಿಟ್ಟಿಲ್ಲ.

ಹಾಗಂತ ಹೊರಗಿನ ಆಟ ಅವರು ಆಡಲೇ ಇಲ್ಲ ಅಂತಲ್ಲ. 'ಶಾರ್ಪ್' ಟಿವಿ ಧಾರಾವಾಹಿಯಲ್ಲಿ ಅವರು ಮಾಡಿದ ಸಾರ್ಜೆಂಟ್ ಹೇಕ್ಸ್‌ವಿಲ್ ಟೋಪಿ ತೆಗೆದು ಅದರೊಳಗೆ ಅಮ್ಮನ ಜೊತೆ ಮಾತಾಡುತ್ತಾನೆ. ಅದನ್ನು ಬೇರೆ ಯಾರು ಮಾಡಿದರೂ ನಗೆಪಾಟಲು. ಪೀಟ್ ಮಾಡಿದರೆ ಭಯ ಆಗುತ್ತೆ, ಯಾಕೆಂದರೆ ಟೋಪಿ ಹಿಡಿದವನು ನಿಜವಾದ ಮನುಷ್ಯ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನುತ್ತೇನೆ. 'ಎಲ್ಲ ಪಾತ್ರಕ್ಕೂ ಒಗ್ಗುವ ನಟ' ಅನ್ನುವುದು ಗುರಿ ಇಟ್ಟು ಹೊಡೆಯುವ ಹಕ್ಕಿ ಅಲ್ಲ. ಪೀಟ್ ಮೊದಲು ಮೇಷ್ಟ್ರ ಕೆಲಸ ಮಾಡಿ, ಆಮೇಲೆ ಬ್ರಿಸ್ಟಲ್ ಓಲ್ಡ್ ವಿಕ್ ಡ್ರಾಮಾ ಸ್ಕೂಲಿನಲ್ಲಿ ಕಲಿತವರು. 1970ರ ದಶಕದಲ್ಲಿ ಲಿವರ್‌ಪೂಲ್‌ನ ಎವ್ರಿಮನ್ ಥಿಯೇಟರಿನಲ್ಲಿ ದುಡಿದರು. ಜೂಲಿ ವಾಲ್ಟರ್ಸ್, ಬಿಲ್ ನಾಯ್, ಜೊನಾಥನ್ ಪ್ರೈಸ್ ಥರದ ನಟರೆಲ್ಲ ಆ ಕಾಲಕ್ಕೆ ಅಲ್ಲಿ ಪಳಗಿದವರೇ. ಅದೇ ತಂಡ, ಬೇರೆ ಬೇರೆ ನಾಟಕ. ನಮ್ಮ ನೀನಾಸಂ ತಿರುಗಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇವತ್ತು ರಾಜ, ನಾಳೆ ಸೇವಕ, ಆಯ್ಕೆ ನಿಮ್ಮದಲ್ಲ. ಬಗೆಬಗೆಯ ಪಾತ್ರ ಬಂದದ್ದು ಹಾಗೆ. ಹಾಲಿವುಡ್ ಕಂಡ ಮೇಲೂ 2008ರಲ್ಲಿ ಅದೇ ಎವ್ರಿಮನ್‌ಗೆ ವಾಪಸ್ ಬಂದು ಕಿಂಗ್ ಲಿಯರ್ ಮಾಡಿದರು, ಆಗ ವಯಸ್ಸು 62.

ಇನ್ನು ಏಜೆಂಟ್. ಈಗಲೇ ಬೇಡ. ಸಿಕ್ಕಿದರೆ ಮೊದಲು ನಿಮ್ಮ ಹೆಸರಿಗೆ ಕತ್ತರಿ ಹಾಕುತ್ತಾರೆ. ನನಗೂ ಒಬ್ಬರು 'ಕೊನೆಯ ಮೂರಕ್ಷರ ತೆಗೆಯಿರಿ' ಅಂದಿದ್ದರು. ಪೀಟ್‌ಗೂ ಆ ಉದ್ದ ಹೆಸರು ಬದಲಿಸಿಕೋ ಅನ್ನುವ ಸಲಹೆ ಬಂದಿತ್ತು, ಒಪ್ಪಲಿಲ್ಲ.

ಡ್ರಾಮಾ ಸ್ಕೂಲ್ ಕೆಟ್ಟದ್ದೇನಲ್ಲ. ಆದರೆ ವೀಸಾ, ಮನೆ ಸಾಲ, ಮಗು ಇರುವವರು ಕೆಲಸ ಬಿಟ್ಟು ಅಷ್ಟು ಫೀಸು ಕಟ್ಟುವುದಕ್ಕೆ ಮುಂಚೆ ಒಂದು ಹವ್ಯಾಸಿ ತಂಡ ಸೇರಿ. ಈ ದೇಶದಲ್ಲಿ ಅವಕ್ಕೆ ಬರವೇ ಇಲ್ಲ. ಮೊದಲ ವರ್ಷ ಕುರ್ಚಿ ಜೋಡಿಸಲು ಹೇಳುತ್ತಾರೆ, ಜೋಡಿಸಿ. ಕ್ರಿಸ್ಮಸ್ ಹೊತ್ತಿನ ಪ್ಯಾಂಟೊಮೈಮ್ ಅನ್ನುವ ಹಾಸ್ಯ ನಾಟಕದಲ್ಲಿ ಹಸುವಿನ ಹಿಂಗಾಲು ಕೊಟ್ಟರೆ ಅದನ್ನೂ ಮಾಡಿ. ನಾನು ಸೇರಿದ ತಂಡದಲ್ಲಿ ಈ ಸಲ ನನಗೆ ಅಂಚೆಯವನ ಪಾತ್ರ. ಕಾಗದ ಕೊಟ್ಟು ಹೋಗುವುದಷ್ಟೇ, ಮಾತಿಲ್ಲ.