ಹೊಸ ಡಿಎನ್‌ಎಸ್ ಸರ್ವರ್: ಅದರ ಮುಂದೆಯೇ ಕೂತು ಕೇಳಿದರೆ ಉತ್ತರ ಬರುತ್ತದೆ, ಪಕ್ಕದ ಕಂಪ್ಯೂಟರ್‌ನಿಂದ ಬರಲ್ಲ. ಯಾಕೆ?

ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಮಾಡಲು ಉಬುಂಟು ಲಿನಕ್ಸ್ ಮೇಲೆ ಬೈಂಡ್ 9 ಸಾಫ್ಟ್‌ವೇರ್ ಹಾಕಿದ್ದೀರಿ. ಸರ್ವರ್‌ನಲ್ಲೇ ಡಿಗ್ (ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಕಮಾಂಡ್) ಕೊಟ್ಟರೆ ಉತ್ತರ ಬರುತ್ತದೆ, ಆಫೀಸಿನ ಬೇರೆ ಕಂಪ್ಯೂಟರ್‌ಗಳಿಂದ ಕೊಟ್ಟರೆ 'ಟೈಮ್ಡ್ ಔಟ್'. ಯಂತ್ರ ಸಿಗುತ್ತದಾ ಅಂತ ನೋಡುವ ಪಿಂಗ್ ಮಾತ್ರ ಎಲ್ಲ ಕಡೆಯಿಂದ ಹೋಗುತ್ತದೆ. ಬೈಂಡ್ ಕಿತ್ತು ಮತ್ತೆ ಹಾಕಲೇ ಅಂತ ಕೇಳಿದ್ದೀರಿ. ಬೇಡ ಸರ್, ಅದರಿಂದ ಏನೂ ಬದಲಾಗಲ್ಲ.

ನನಗೆ ಮೊದಲ ಅನುಮಾನ ಸರ್ವರ್‌ನಲ್ಲಿ ಬಂದ ಆ ಉತ್ತರದ ಮೇಲೇ. ಅದನ್ನು ಕೊಟ್ಟಿದ್ದು ಬೈಂಡೇನಾ? ಉಬುಂಟುವಿನಲ್ಲಿ ಸಿಸ್ಟಂಡಿ-ರಿಸಾಲ್ವ್ಡ್ ಅನ್ನುವ, ಹೆಸರು ಹುಡುಕಿಕೊಡುವ ಇನ್ನೊಬ್ಬ ಆ ಯಂತ್ರದೊಳಗಿನದೇ ವಿಳಾಸ 127.0.0.53ರಲ್ಲಿ ಮೊದಲೇ ಕೂತಿರುತ್ತಾನೆ. ಬರೀ ಡಿಗ್ ಕೊಟ್ಟರೆ ಪ್ರಶ್ನೆ ಹೋಗುವುದು ಸಾಮಾನ್ಯವಾಗಿ ಅವನ ಹತ್ತಿರ. ಉತ್ತರದ ಕೊನೆಯಲ್ಲಿ 'ಸರ್ವರ್' ಅನ್ನುವ ಸಾಲು ನೋಡಿ. ಅಲ್ಲಿ 127.0.0.53 ಇದ್ದರೆ ನಿಮ್ಮ ಬೈಂಡ್ ಇನ್ನೂ ಬಾಯಿಯೇ ಬಿಟ್ಟಿಲ್ಲ ಅಂತ ಅರ್ಥ. ಡಿಗ್ ಮುಂದೆ ಆ್ಯಟ್ ಗುರುತು ಹಾಕಿ, ಸರ್ವರ್‌ನ ಲ್ಯಾನ್ ಐಪಿ (ಆಫೀಸ್ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಬರೆದು ಮತ್ತೆ ಕೇಳಿ.

ಇನ್ನು ಪಕ್ಕದ ಕಂಪ್ಯೂಟರ್. ಅಲ್ಲಿ 'ಕನೆಕ್ಷನ್ ರಿಫ್ಯೂಸ್ಡ್' ಬಂದರೆ ಪ್ಯಾಕೆಟ್ ಸರ್ವರ್ ಮುಟ್ಟಿದೆ, ಆದರೆ ಡಿಎನ್‌ಎಸ್‌ನ ಬಾಗಿಲಾದ ಪೋರ್ಟ್ 53ರಲ್ಲಿ ಯಾರೂ ಇಲ್ಲ. ಯಾವುದೋ ಟ್ಯುಟೋರಿಯಲ್ ನೋಡಿ ಬೈಂಡ್ ಕಾನ್ಫಿಗ್ ಫೈಲಿನ ಲಿಸನ್-ಆನ್ (ಯಾವ ವಿಳಾಸದಲ್ಲಿ ಕಿವಿಗೊಡಬೇಕು) ಸಾಲಿನಲ್ಲಿ 127.0.0.1, ಅಂದರೆ ಯಂತ್ರದೊಳಗಿನ ವಿಳಾಸ ಒಂದನ್ನೇ ಬರೆದಿರುತ್ತೀರಿ. ಡಿಗ್‌ನ ಸ್ಟೇಟಸ್ ಜಾಗದಲ್ಲಿ ಬರೀ 'ರಿಫ್ಯೂಸ್ಡ್' ಬಂದರೆ ಅದು ಬೇರೆ ಕಥೆ: ಬೈಂಡ್ ಎದ್ದಿದೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ. ತನ್ನದೇ ಸಬ್‌ನೆಟ್‌ನವರಿಗೆ, ಅಂದರೆ ನೆಟ್‌ವರ್ಕ್‌ನ ತನ್ನ ಭಾಗದವರಿಗೆ ಮಾತ್ರ ಹೊರಗಿನ ಹೆಸರು ಹುಡುಕಿಕೊಡುವುದು ಅದರ ಹುಟ್ಟುಗುಣ. ಬೇರೆ ಸಬ್‌ನೆಟ್ ಇದ್ದರೆ ಯಾರಿಗೆ ಹುಡುಕಿಕೊಡಬೇಕು ಅಂತ ಬರೆಯುವ ಅಲೋ-ರಿಕರ್ಶನ್ ಸಾಲಿಗೆ ಅದನ್ನು ಸೇರಿಸಿ. 'ಎನಿ' (ಯಾರಿಗಾದರೂ) ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಸರ್ವರ್ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದರೆ ಬೇರೆಯವರ ಮೇಲೆ ದಾಳಿ ಮಾಡಲು ಅದನ್ನೇ ಬಳಸಿಕೊಳ್ಳುತ್ತಾರೆ.

ನಿಮಗೆ ಬರುತ್ತಿರುವುದು ಇವೆರಡೂ ಅಲ್ಲ, ಬರೀ ಮೌನ. ಪಿಂಗ್ ಹೋಗಿ ಡಿಎನ್‌ಎಸ್ ಮೌನವಾಗಿದ್ದರೆ ನಾನು ನೇರ ಫೈರ್‌ವಾಲ್‌ಗೆ ಹೋಗುತ್ತೇನೆ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಎಲ್ಲ ಬಾಗಿಲು ಹಾಕಿಕೊಂಡಾಗಲೂ ಪಿಂಗ್ ಒಂದನ್ನು ಬಿಡುತ್ತದೆ, ಅದಕ್ಕೇ ಎಲ್ಲರೂ ಏಮಾರುವುದು. ಪೋರ್ಟ್ 53ನ್ನು ಯುಡಿಪಿ, ಟಿಸಿಪಿ ಅನ್ನುವ ಎರಡೂ ಸಾಗಣೆ ವಿಧಾನಗಳಿಗೆ ತೆರೆಯಿರಿ. ವೆಬ್ ಸರ್ವರ್ ಅಭ್ಯಾಸದಲ್ಲಿ ಟಿಸಿಪಿ ಮಾತ್ರ ತೆರೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟಾದ ಮೇಲೆ 'ಸರ್ವ್‌ಫೇಲ್' (ಉತ್ತರ ಹುಡುಕಲು ಸರ್ವರ್ ಸೋತಿದೆ) ಬಂದರೆ ಗಡಿಯಾರ ನೋಡಿ. ತಮಾಷೆ ಅಲ್ಲ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಹಳೇ ಡೆಸ್ಕ್‌ಟಾಪ್‌ಗೆ ಸೆಂಟ್‌ಓಎಸ್ 7 ಲಿನಕ್ಸ್ ಹಾಕಿ ಡಿಎನ್‌ಎಸ್ ಮಾಡಿಕೊಟ್ಟಿದ್ದೆ. ಭಾನುವಾರ ಕರೆಂಟ್ ಹೋಯಿತು, ಯುಪಿಎಸ್ಸೂ ಕೈ ಕೊಟ್ಟಿತು. ಸೋಮವಾರ ಬೆಳಿಗ್ಗೆ ಕಾರ್ಖಾನೆಯೊಳಗಿನ ಹೆಸರುಗಳೆಲ್ಲ ಸರಿ, ಹೊರಗಿನ ಯಾವ ಸೈಟೂ ತೆರೆಯಲ್ಲ. ಮಧ್ಯಾಹ್ನದವರೆಗೆ ಕಾನ್ಫಿಗ್ ಫೈಲ್ ಕೆದಕಿದ್ದೇ ಕೆದಕಿದ್ದು. ಕೊನೆಗೆ ಡಿಗ್‌ಗೆ ಪ್ಲಸ್-ಸಿಡಿ ಸೇರಿಸಿದೆ, ಅಂದರೆ ಸಹಿ ಪರೀಕ್ಷೆ ಬಿಟ್ಟು ಉತ್ತರ ಕೊಡು ಅಂದೆ. ತಕ್ಷಣ ಕೊಟ್ಟಿತು! ಡೇಟ್ ಅಂತ ಟೈಪ್ ಮಾಡಿದರೆ ಮೂರು ವರ್ಷ ಹಿಂದಿನ ತಾರೀಖು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು. ಉತ್ತರ ಅಸಲಿಯೇ ಅಂತ ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳಿಗೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಅಂತ ಅವಧಿ ಇರುತ್ತದೆ. ಆ ಯಂತ್ರದ ಲೆಕ್ಕದಲ್ಲಿ ಅವೆಲ್ಲ ಇನ್ನೂ ಹುಟ್ಟೇ ಇರಲಿಲ್ಲ.

ಗಡಿಯಾರ ತಾನೇ ಸರಿಹೋಗಬೇಕಿತ್ತಲ್ಲ? ಗಡಿಯಾರ ಸರಿಪಡಿಸುವ ಕ್ರೋನಿ ಪ್ರೋಗ್ರಾಂ ಇಂಟರ್‌ನೆಟ್‌ನ ಸಮಯದ ಸರ್ವರನ್ನು ಕೇಳುವುದು ಹೆಸರಿನ ಮೂಲಕ, ಆ ಹೆಸರು ಹುಡುಕಿಕೊಡಬೇಕಾದ್ದು ಇದೇ ಬೈಂಡ್. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಕೈಯಾರೆ ತಾರೀಖು ಕೂರಿಸಿ, ಎಂ.ಜಿ. ರಸ್ತೆಯ ವಾಚ್ ಅಂಗಡಿಯಿಂದ ಸಿಆರ್ 2032 ಸೆಲ್ ತಂದು ಹಾಕಿದೆ.

ಅಂದಹಾಗೆ, ಕಂಪ್ಯೂಟರ್‌ಗಳಲ್ಲಿ ಎರಡನೇ ಡಿಎನ್‌ಎಸ್ ಆಗಿ 'ಇರಲಿ' ಅಂತ ಗೂಗಲ್‌ನ 8.8.8.8 ಕೊಟ್ಟಿದ್ದರೆ ತೆಗೆಯಿರಿ. ಆಫೀಸಿನೊಳಗಿನ ಹೆಸರುಗಳು ಅದಕ್ಕೆ ಗೊತ್ತಿಲ್ಲ. ಪ್ರಶ್ನೆ ಅತ್ತ ಹೋದಾಗಲೆಲ್ಲ 'ಅಂಥ ಹೆಸರೇ ಇಲ್ಲ' ಅನ್ನುತ್ತದೆ, ನೀವು ಇಲ್ಲಿ ಬೈಂಡ್‌ಗೆ ಬೈಯುತ್ತಿರುತ್ತೀರಿ.

ಫೈರ್‌ವಾಲ್ ತೆರೆದರೂ ಮೌನ ಮುರಿಯದಿದ್ದರೆ ಸರ್ವರ್‌ನಲ್ಲಿ ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ, ಪೋರ್ಟ್ 53 ಕೊಟ್ಟು, ಪಕ್ಕದ ಕಂಪ್ಯೂಟರ್‌ನಿಂದ ಒಂದು ಡಿಗ್ ಕೊಡಿ. ಪ್ರಶ್ನೆ ಬಂದಿದ್ದು ಕಾಣುತ್ತದಾ ಇಲ್ಲವಾ ಅಷ್ಟು ಹೇಳಿ, ಮುಂದಿನದು ನೋಡೋಣ.