ರೂತಳು 2ನೇ ಅಧ್ಯಾಯದ ಮೇಲೆ ಮೊದಲ ಪ್ರಸಂಗ: ತಯಾರಿ ಎಲ್ಲಿಂದ ಆರಂಭಿಸಲಿ?

ಮುಂದಿನ ತಿಂಗಳು ಮೊದಲ ಸಲ ಪ್ರಸಂಗ ಮಾಡಬೇಕಿದೆ, ಸತ್ಯವೇದದ ರೂತಳು ಪುಸ್ತಕದ 2ನೇ ಅಧ್ಯಾಯ ಕೊಟ್ಟಿದ್ದಾರೆ, ‘ಬೋವಜನ ಔದಾರ್ಯ’ (ರೂತಳು ತೆನೆ ಆಯ್ದ ಹೊಲದ ಒಡೆಯ ಬೋವಜ) ಎಂದು ಮೂರು ಅಂಶ ಬರೆದುಕೊಂಡಿದ್ದೇನೆ, ಅವಕ್ಕೆ ಹೊಂದುವ ವಚನಗಳನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ದಯವಿಟ್ಟು ಆ ಮೂರು ಅಂಶಗಳ ಹಾಳೆಯನ್ನು ಸದ್ಯಕ್ಕೆ ಎತ್ತಿಡಿ. ಹೇಳಬೇಕಾದದ್ದನ್ನು ಮೊದಲೇ ತೀರ್ಮಾನಿಸಿ ವಚನ ಹುಡುಕಲು ಹೊರಟರೆ, ವಾಕ್ಯಭಾಗ ನಮ್ಮ ಮಾತಿಗೆ ಸಾಕ್ಷಿ ಹೇಳಲು ಕರೆತಂದ ಆಳಿನಂತಾಗುತ್ತದೆ. ಅದಕ್ಕೆ ನಮ್ಮನ್ನು ತಿದ್ದುವ ಅವಕಾಶವೇ ಸಿಗುವುದಿಲ್ಲ.

ನಾನು ಗದಗ-ಬೆಟಗೇರಿಯವನು. ಸಭಾಪಾಲಕನಲ್ಲ, ನಮ್ಮ ಸಭಾಪಾಲಕರು ಬೇರೆ ಊರಿನ ಸಭೆಗೆ ಹೋಗುವ ಭಾನುವಾರಗಳಲ್ಲಿ ಪ್ರಸಂಗ ಮಾಡುತ್ತೇನೆ. ಇದೇ ಅಧ್ಯಾಯವನ್ನು ಹಿಡಿದು, ಉಳ್ಳವರು ದಾನ ಮಾಡಬೇಕೆಂದು ಅರ್ಧ ಗಂಟೆ ಮಾತನಾಡಿದ್ದೆ. ಆರಾಧನೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ನನ್ನ ಕೈ ಹಿಡಿದುಕೊಂಡರು. ಹರೆಯದಲ್ಲಿ ಶೇಂಗಾ ಹೊಲಗಳಲ್ಲಿ ಹಕ್ಕಲು (ಫಸಲು ತೆಗೆದ ಮೇಲೆ ಹೊಲದಲ್ಲಿ ಉಳಿದದ್ದು) ಆಯ್ದು ಮಕ್ಕಳನ್ನು ಸಾಕಿದವರು ಅವರು. “ತಮ್ಮಾ, ಹಕ್ಕಲು ಯಾರೂ ದಾನ ಕೊಡುವುದಲ್ಲ. ರಾಶಿ ಹೊಲದವನದು, ಹಕ್ಕಲು ಆಯ್ದವರದು” ಎಂದರು.

ಮನೆಗೆ ಬಂದು ಯಾಜಕಕಾಂಡ 19:9-10 ತೆರೆದೆ. ಹೊಲದ ಅಂಚಿನ ಪೈರನ್ನು ಕೊಯ್ಯಬಾರದು, ಹಕ್ಕಲನ್ನು ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಅಲ್ಲಿ ಆಜ್ಞೆಯೇ ಇದೆ. ಧರ್ಮೋಪದೇಶಕಾಂಡ 24:19 ಮರೆತುಬಿಟ್ಟ ಸಿವುಡನ್ನು (ಕೊಯ್ದ ಪೈರಿನ ಕಟ್ಟನ್ನು) ಪರದೇಶಿ, ಅನಾಥ, ವಿಧವೆಯರಿಗೆ ಬಿಡಿಸುತ್ತದೆ. ರೂತಳು ಪರದೇಶಿಯೂ ಹೌದು, ವಿಧವೆಯೂ ಹೌದು. ಅವಳು ಭಿಕ್ಷೆಗೆ ಬಂದವಳೆಂಬಂತೆ ನಾನು ಮಾತನಾಡಿದ್ದೆ. ಆ ತಾಯಿಗೆ ಹಿಬ್ರೂ ಬಾರದು, ವ್ಯಾಖ್ಯಾನ ಗ್ರಂಥಗಳೂ ಗೊತ್ತಿಲ್ಲ. ಆದರೆ ಆ ವಾಕ್ಯಭಾಗವನ್ನು ನನಗಿಂತ ಸರಿಯಾಗಿ ಕೇಳಿಸಿಕೊಂಡಿದ್ದರು.

(ಇಲ್ಲೊಂದು ಎಚ್ಚರಿಕೆ. ‘ಹಕ್ಕಲು ಎಂದರೆ ಬಡವರ ಹಕ್ಕು’ ಎಂದು ಪ್ರಾಸ ಹೊಂದಿಸುವ ಆಸೆ ನನಗೂ ಬಂದಿತ್ತು. ಹಕ್ಕು ಅರಬ್ಬಿಯಿಂದ ಬಂದ ಪದ, ಹಕ್ಕಲು ಕನ್ನಡದ್ದೇ. ಅವೆರಡಕ್ಕೂ ನಂಟಿಲ್ಲ. ಪದಗಳ ಸದ್ದಿನ ಮೇಲೆ ಪ್ರಸಂಗ ಕಟ್ಟಬೇಡಿ.)

ಹಾಗಾದರೆ ಬೋವಜನ ಒಳ್ಳೆಯತನ ಎಲ್ಲಿದೆ? ಆಜ್ಞೆ ಮುಗಿದ ಮೇಲೆ ಶುರುವಾಗುತ್ತದೆ. ಆಳುಗಳು ಅವಳನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡುತ್ತಾನೆ (9), ಊಟಕ್ಕೆ ತನ್ನವರ ಜೊತೆ ಕೂರಿಸುತ್ತಾನೆ (14), ಸಿವುಡುಗಳ ನಡುವೆಯೂ ಆಯಲು ಬಿಟ್ಟು, ಬೇಕೆಂದೇ ತೆನೆ ಎಳೆದು ಹಾಕಿಸುತ್ತಾನೆ (15-16). ಸಂಜೆ ಬಡಿದಾಗ ಸುಮಾರು ಒಂದು ಏಫಾ ಜವೆಗೋದಿ, ಅಂದರೆ ಅಂದಾಜು 22 ಲೀಟರ್. ಒಂಬತ್ತನೆಯ ವಚನದ ಎದುರು ನಿಲ್ಲಿ. ಒಂಟಿ ಹೆಣ್ಣುಮಗಳಿಗೆ ಹೊಲದಲ್ಲಿ ಯಾವ ಅಪಾಯವಿತ್ತೆಂದು ಅದು ಬಾಯಿಬಿಟ್ಟು ಹೇಳುತ್ತದೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ನಿಮ್ಮ ಸಭೆಯಲ್ಲೂ ಕೂತಿರುತ್ತಾರೆ. ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಮೊದಲ ವಾರ ವ್ಯಾಖ್ಯಾನ ಗ್ರಂಥಗಳನ್ನು ಮುಟ್ಟಬೇಡಿ. ಇಡೀ ಪುಸ್ತಕ ನಾಲ್ಕೇ ಅಧ್ಯಾಯ, 85 ವಚನ. ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ. ಮರಳಿ ಮರಳಿ ಬರುವ ಮಾತು ಕಿವಿಗೆ ಬೀಳುತ್ತದೆ. ಎರಡನೆಯ ಅಧ್ಯಾಯವೊಂದರಲ್ಲೇ ಅವಳನ್ನು ಮೂರು ಸಲ ಮೋವಾಬ್ಯಳೆಂದು, ಅಂದರೆ ಮೋವಾಬ್ ದೇಶದವಳೆಂದು, ಕರೆಯಲಾಗಿದೆ. ಏಕೆ ಬಿಡದೆ ಹೇಳುತ್ತಿದ್ದಾರೆ ಎಂದು ಕೇಳಿಕೊಂಡಾಗ ಧರ್ಮೋಪದೇಶಕಾಂಡ 23:3 ತಾನಾಗಿ ಎದುರಿಗೆ ಬರುತ್ತದೆ: ಮೋವಾಬ್ಯರಿಗೆ ಸಭೆಯೊಳಗೆ ಪ್ರವೇಶವಿಲ್ಲ.

ಹಾಗೆ ಓದುವಾಗಲೇ 2:12 ಮತ್ತು 3:9 ಒಂದಕ್ಕೊಂದು ಕೂಡುವುದು ಕಂಡೀತು. ದೇವರ ರೆಕ್ಕೆಗಳ ಮರೆಗೆ ಬಂದಿದ್ದೀ ಎಂದು ಬೋವಜನು ಹರಸುತ್ತಾನೆ. ಮುಂದಿನ ಅಧ್ಯಾಯದಲ್ಲಿ ರೂತಳು ಅವನ ಹೊದಿಕೆಯ ಅಂಚನ್ನು ತನ್ನ ಮೇಲೆ ಹೊದಿಸಲು ಕೇಳುತ್ತಾಳೆ. ಹಿಬ್ರೂವಿನಲ್ಲಿ ಎರಡೂ ಕಡೆ ‘ಕಾನಾಫ್’ ಎಂಬ ಒಂದೇ ಪದ. ನಮ್ಮ ‘ಸೆರಗು’ ಅದಕ್ಕೆ ಹತ್ತಿರ. ನೀವು ಬಾಯಲ್ಲಿ ಕೋರಿದ ಆಶ್ರಯವನ್ನು ಈಗ ನೀವೇ ಕೊಡಿ ಎನ್ನುತ್ತಿದ್ದಾಳೆ ಅವಳು! ಇದನ್ನು ಕಂಡ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಊರಿನ ಉದಾಹರಣೆ ಕೊಡಿ, ಆದರೆ ಬೇತ್ಲೆಹೇಮನ್ನು ನಮ್ಮ ಎರೆಹೊಲ ಮಾಡಬೇಡಿ. ಅಲ್ಲಿ ಜವೆಗೋದಿಯ ಕೊಯ್ಲು ಯೆಹೂದ್ಯರ ಪಸ್ಕಹಬ್ಬದ (ಮಾರ್ಚ್-ಏಪ್ರಿಲ್) ಆಸುಪಾಸಿನಲ್ಲಿ. ಆ ಹೊತ್ತಿಗೆ ನಮ್ಮ ಹಿಂಗಾರಿ ಜೋಳ ಮನೆ ಸೇರಿರುತ್ತದೆ.

ಎರಡನೆಯ ವಾರ ವ್ಯಾಖ್ಯಾನ ಓದಿ, ಆಮೇಲೆ ಇಡೀ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯಕ್ಕೆ ಸೇರದ್ದನ್ನು, ಎಷ್ಟೇ ಚೆನ್ನಾಗಿದ್ದರೂ, ಬುಧವಾರದ ಸತ್ಯವೇದ ಅಧ್ಯಯನಕ್ಕೆ ಉಳಿಸಿ. ಇಪ್ಪತ್ತು ನಿಮಿಷ ಸಾಕು. ಕೊನೆಯದಾಗಿ, ಪ್ರಸಂಗಕ್ಕೆ ಮುಂಚೆ ವಾಚನ ಮಾಡುವವರಿಗೆ ಶನಿವಾರವೇ ಪುಟ ತೋರಿಸಿ, 23 ವಚನಗಳನ್ನೂ ನಿಧಾನವಾಗಿ ಓದಲು ಹೇಳಿ. ಸಮಯ ಕಡಿಮೆಯಾದರೆ ನಿಮ್ಮ ಮಾತನ್ನು ಮೊಟಕುಗೊಳಿಸಿ, ವಾಚನವನ್ನಲ್ಲ.